ಆಂಜೈನಾ ಇದ್ದರೂ ಟ್ರೋಪೋನಿನ್ ನಾರ್ಮಲ್, ಇನ್ಸುಲಿನ್ ಮಾತ್ರ ಹೆಚ್ಚು: ಏನಿದರ ಅರ್ಥ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು)

62 ವರ್ಷದ ನಮ್ಮ ತಂದೆಯವರಿಗೆ ಅಡಿಕೆ ತೋಟದಿಂದ ಮನೆಗೆ ಏರು ಹತ್ತಿ ಬರುವಾಗ ಎದೆಯ ನಡುವೆ ಹಿಂಡಿದಂತಾಗುತ್ತದೆ. ನಿಂತು ಸುಧಾರಿಸಿಕೊಂಡರೆ ಐದು ನಿಮಿಷದೊಳಗೆ ಇಳಿಯುತ್ತದೆ. ಶಿವಮೊಗ್ಗದಲ್ಲಿ ತೋರಿಸಿದಾಗ ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಎಂದು ಹೇಳಿ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಬರೆದುಕೊಟ್ಟರು. ತಿಂಗಳ ಬಳಿಕ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಟ್ರೋಪೋನಿನ್ ನಾರ್ಮಲ್ ಇದೆ. ಆದರೆ ಖಾಲಿ ಹೊಟ್ಟೆಯ ಸಕ್ಕರೆ 112, ಇನ್ಸುಲಿನ್ 18 ಬಂದಿದೆ. ಹೃದಯಕ್ಕೆ ಏನೂ ಆಗಿಲ್ಲ, ಮಾತ್ರೆಯಿಂದಲೇ ಸಕ್ಕರೆ ಏರಿದೆ, ಅದನ್ನು ನಿಲ್ಲಿಸೋಣ ಎಂದು ಮನೆಯಲ್ಲಿ ಕೆಲವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ವೈದ್ಯರು, ಶಿವಮೊಗ್ಗ)

ಮೊದಲಿಗೆ, ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಮೆಟೊಪ್ರೊಲಾಲ್ ಅನ್ನು ಥಟ್ಟನೆ ಬಿಟ್ಟರೆ ಎದೆನೋವು ಉಲ್ಬಣಿಸಬಹುದು, ಹೃದಯಾಘಾತವೂ ಆಗಬಹುದು.

ಟ್ರೋಪೋನಿನ್ ಹೃದಯದ ಸ್ನಾಯುಕೋಶಗಳ ಒಳಗಿರುವ ಪ್ರೋಟೀನು. ಕೋಶಗಳಿಗೆ ಹಾನಿಯಾದಾಗ ಅದು ರಕ್ತಕ್ಕೆ ಸೋರುತ್ತದೆ, ಕೆಲವೇ ಗಂಟೆಗಳಲ್ಲಿ ಏರಿ, ಹೃದಯಾಘಾತವಾಗಿದ್ದರೆ ವಾರಕ್ಕೂ ಹೆಚ್ಚು ಕಾಲ ಕಾಣಿಸಿಕೊಳ್ಳುತ್ತದೆ. ಏರು ಹತ್ತುವಾಗ ಮಾತ್ರ ಬಂದು ನಿಂತರೆ ಇಳಿಯುವ ನೋವಿನಲ್ಲಿ ಸ್ನಾಯುವಿಗೆ ಆ ಹೊತ್ತಿಗೆ ಬೇಕಾದಷ್ಟು ರಕ್ತ ಸಿಗುವುದಿಲ್ಲ, ಆದರೆ ಕೋಶಗಳು ಸಾಮಾನ್ಯವಾಗಿ ಸಾಯುವುದಿಲ್ಲ. ಆದ್ದರಿಂದ ಈ ಫಲಿತಾಂಶ ಇತ್ತೀಚೆಗೆ ಹೃದಯಾಘಾತವಾಗಿಲ್ಲ ಎನ್ನುವುದಕ್ಕೆ ಆಧಾರವೇ ಹೊರತು ರಕ್ತನಾಳಗಳು ಸ್ವಚ್ಛವಾಗಿವೆ ಎನ್ನುವುದಕ್ಕಲ್ಲ. ನಾಳಗಳ ಸ್ಥಿತಿ ತಿಳಿಯಲು ಟ್ರೆಡ್‌ಮಿಲ್, ಸಿಟಿ ಅಥವಾ ಆಂಜಿಯೋಗ್ರಾಮ್ ಬೇಕಾಗುತ್ತದೆ.

ಉತ್ತರ 2 (ಮಧುಮೇಹ ಚಿಕಿತ್ಸಕರು, ಸಾಗರ)

ಇನ್ಸುಲಿನ್ ವಿಷಯ ಬೇರೆಯೇ ಆದರೂ ಇದೇ ರೋಗಕ್ಕೆ ನಂಟುಳ್ಳದ್ದು. ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಗುಣಿಸಿ 405ರಿಂದ ಭಾಗಿಸಿದರೆ ಹೋಮಾ-ಐಆರ್ ಎಂಬ ಅಂದಾಜು ಅಳತೆ ಸಿಗುತ್ತದೆ. ನಿಮ್ಮ ತಂದೆಯವರದು ಸುಮಾರು 5. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಿತಿ ಬದಲಾಗುತ್ತದೆ, ಆದರೂ 2.5 ದಾಟಿದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲವೆಂದು ಹಲವರು ಪರಿಗಣಿಸುತ್ತಾರೆ. ಹೀಗಾದಾಗ ರಕ್ತನಾಳದ ಒಳಪದರದಲ್ಲಿ ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಟ್ರೋಪೋನಿನ್‌ನಲ್ಲಿ ಇದೊಂದೂ ಕಾಣುವುದಿಲ್ಲ.

ಮೆಟೊಪ್ರೊಲಾಲ್ ಮತ್ತು ಸ್ಟ್ಯಾಟಿನ್‌ನಿಂದ ಸಕ್ಕರೆ ಅಲ್ಪ ಪ್ರಮಾಣದಲ್ಲಿ ಏರಬಹುದು ಎಂಬುದು ನಿಜ. ಆದರೆ ಹೃದಯಕ್ಕೆ ಸ್ಟ್ಯಾಟಿನ್‌ನಿಂದ ಆಗುವ ಲಾಭ ಅದಕ್ಕಿಂತ ಬಹಳ ದೊಡ್ಡದು, ಮೆಟೊಪ್ರೊಲಾಲ್ ಬದಲಿಸಬೇಕೆನಿಸಿದರೆ ವೈದ್ಯರ ಬಳಿ ಬೇರೆ ಆಯ್ಕೆಗಳಿವೆ. ಇನ್ಸುಲಿನ್ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುವುದಕ್ಕಿಂತ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ) ಮಾಡಿಸಿ, ಸೊಂಟದ ಸುತ್ತಳತೆ ನೋಡಿ. ನಮ್ಮ ಜನರಲ್ಲಿ ಗಂಡಸರಿಗೆ 90 ಸೆಂಟಿಮೀಟರ್ ಮೀರುವುದೇ ಎಚ್ಚರಿಕೆ. ಕಡುಬು, ಅಕ್ಕಿರೊಟ್ಟಿ ಬಿಡಬೇಕಿಲ್ಲ, ಪ್ರಮಾಣ ತಗ್ಗಿಸಿ ಪಲ್ಯ ಮತ್ತು ಕಾಳು ಹೆಚ್ಚಿಸಿದರೆ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ರಾತ್ರಿ ಹೊತ್ತು ನೋವು ಬಂದರೆ ಏನು ಮಾಡಬೇಕು? ಮಳೆಗಾಲದಲ್ಲಿ ನಮ್ಮಲ್ಲಿಂದ ಪೇಟೆ ತಲುಪುವುದೇ ಕಷ್ಟ.

ಉತ್ತರ 1 (ವೈದ್ಯರು, ಶಿವಮೊಗ್ಗ)

ವಿಶ್ರಾಂತಿಯಲ್ಲಿರುವಾಗ ನೋವು ಬಂದು ಕೆಲವು ನಿಮಿಷದಲ್ಲಿ ಇಳಿಯದಿದ್ದರೆ, ಅಥವಾ ಬೆವರು ಇಲ್ಲವೇ ಉಸಿರಾಟದ ತೊಂದರೆ ಜೊತೆಗಿದ್ದರೆ, ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ನೋವು ಶುರುವಾದ ಗಂಟೆಯನ್ನು ಬರೆದಿಟ್ಟುಕೊಂಡು ಅಲ್ಲಿ ಹೇಳಿ. ಆರಂಭದ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಟ್ರೋಪೋನಿನ್ ಏರಿರದೆ ಇರಬಹುದಾದ್ದರಿಂದ, ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡಬೇಕೆಂದು ನಿರ್ಧರಿಸಲು ಅವರಿಗೆ ಆ ಸಮಯ ಬೇಕಾಗುತ್ತದೆ.