ಸಾಣೆ ಹಿಡಿಸಿದ ಮೇಲೆ ಚಿಪ್ಪರ್ ಬ್ಲೇಡ್ 4 ಗಂಟೆಗೇ ಮೊಂಡಾಗುತ್ತಿದೆ, ಅಂಚಿನಲ್ಲಿ ಚಕ್ಕೆ ಏಳುತ್ತಿದೆ

ನೀಲಗಿರಿ_ಚಿಂತಾಮಣಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಮರ ಚೂರು ಮಾಡೋ 75 ಎಚ್‌ಪಿ ಡಿಸ್ಕ್ ಚಿಪ್ಪರ್, ಡಿಸ್ಕಿಗೆ 4 ಬ್ಲೇಡ್. ಬಾಯ್ಲರ್‌ಗಳಿಗೆ ನೀಲಗಿರಿ ಚಿಪ್ಸ್ ಮಾಡಿ ಕೊಡ್ತೀವಿ. ಮಿಷನ್ ಜೊತೆ ಬಂದ ಡಿ-2 (ಒಂದು ಜಾತಿಯ ಟೂಲ್ ಸ್ಟೀಲ್) ಬ್ಲೇಡ್ ಮೊದಲ ಸಲ ಹೆಚ್ಚುಕಮ್ಮಿ 14 ಗಂಟೆ ಓಡಿದವು. ಆಮೇಲೆ ಹತ್ತಿರದ ವರ್ಕ್‌ಶಾಪಲ್ಲಿ ಸಾಣೆ ಹಿಡಿಸಿದೆ. ಈಗ 4 ಗಂಟೆಗೇ ಮೊಂಡು. ಲೋಡಲ್ಲಿ 70 ಆಂಪ್ ತಗೊಳ್ತಿದ್ದ ಮೋಟಾರ್ 95ಕ್ಕೆ ಹೋಗುತ್ತೆ. ಚಿಪ್ಸಲ್ಲಿ ಅರ್ಧಕ್ಕರ್ಧ ಉದ್ದುದ್ದ ಸಿಬಿರು, ಉಳಿದದ್ದು ಪುಡಿ. ಎರಡು ಬ್ಲೇಡಿನ ಅಂಚಲ್ಲಿ ಅಕ್ಕಿ ಕಾಳಿನಷ್ಟು ಚಕ್ಕೆ ಎದ್ದಿದೆ. ಬ್ಲೇಡ್ ಕೊಟ್ಟವರು ಡಿ-2 ಅಂತ ಹೇಳಿ ಬೇರೆ ಉಕ್ಕು ಕೊಟ್ರಾ? ಹೊಸ ಸೆಟ್ ಕೊಳ್ಳೋ ಮುಂಚೆ ಕೇಳೋಣ ಅಂತ ಬರೆದೆ.

ಸಾಣೆಕಲ್ಲು:
ಉಕ್ಕಿನ ಮೇಲೆ ಅನುಮಾನ ಬೇಡ ಸಾರ್. ಕೆಟ್ಟ ಉಕ್ಕಾಗಿದ್ದರೆ ಮೊದಲ ಸಲವೇ 14 ಗಂಟೆ ಬರುತ್ತಿರಲಿಲ್ಲ. ನಡುವೆ ಬದಲಾದದ್ದು ಸಾಣೆ ಒಂದೇ. ವರ್ಕ್‌ಶಾಪಲ್ಲಿ ನೀರು ಬಿಟ್ಟು ಹಿಡಿದರಾ, ಒಣ ಕಲ್ಲಿಗೆ ಕೊಟ್ಟರಾ? ಅಂಚಲ್ಲಿ ನೀಲಿ ಅಥವಾ ಕಂದು ಗೆರೆ ಇದೆಯಾ ನೋಡಿ.

ನೀಲಗಿರಿ_ಚಿಂತಾಮಣಿ:
ಬೆಂಚ್ ಗ್ರೈಂಡರ್, ಕೈಯಲ್ಲೇ ಹಿಡಿದು ಮಾಡಿದ್ದು. ನೀಲಿ ಇತ್ತು ಸಾರ್. ಅವರೇ ಎಮರಿ ಪೇಪರ್ ಹಾಕಿ ಉಜ್ಜಿ ಹೊಳಪು ಬರಿಸಿ ಕೊಟ್ಟರು.

ಸಾಣೆಕಲ್ಲು:
ಅಲ್ಲೇ ಇದೆ ಕಾಯಿಲೆ. ಉಜ್ಜಿದರೆ ಬಣ್ಣ ಹೋಗುತ್ತದೆ, ಒಳಗಿನ ಸುಟ್ಟ ಪದರ ಹೋಗುವುದಿಲ್ಲ. ಕುಲುಮೆಯವರು ಹೇಳುತ್ತಾರಲ್ಲ, ಕತ್ತಿಯ ಹದ ಹೋಯಿತು ಅಂತ, ಅದೇ ಆಗಿರುವುದು. ಈ ಬ್ಲೇಡುಗಳು ಸಾಮಾನ್ಯವಾಗಿ 56ರಿಂದ 60 ಎಚ್‌ಆರ್‌ಸಿ (ಗಡಸುತನ ಅಳೆಯುವ ಮಾನ) ಗಡಸು ಇರುತ್ತವೆ. ಒಣ ಕಲ್ಲಿಗೆ ಒತ್ತಿ ಹಿಡಿದರೆ ಅಂಚಿನ ತೆಳುವಾದ ಭಾಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾಯುತ್ತದೆ. ಕಾದ ಕಡೆ ಮೆತ್ತಗಾಗುತ್ತದೆ, ಬೇಗ ಮೊಂಡಾಗುತ್ತದೆ. ಇನ್ನೂ ಜಾಸ್ತಿ ಕಾದು ತಟ್ಟನೆ ಆರಿದ ಕಡೆ ಗಾಜಿನ ಹಾಗೆ ಪೆಡಸಾಗಿ ಕೂದಲೆಳೆ ಬಿರುಕು ಬಿಡುತ್ತದೆ, ಚಕ್ಕೆ ಏಳುವುದು ಅಲ್ಲಿ. ಒಂದೇ ಬ್ಲೇಡಲ್ಲಿ ಎರಡೂ ಕಾಣುವುದು ಇದಕ್ಕೇ.

ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಹೊಸ ಅರ ತೆಗೆದುಕೊಳ್ಳಿ. ಬ್ಲೇಡ್ ಬಿಚ್ಚಿ, ಹಿಂಬದಿಯ ಚಪ್ಪಟೆ ಭಾಗದ ಮೇಲೆ ಅರದ ಮೂಲೆಯನ್ನು ಒಮ್ಮೆ ಎಳೆಯಿರಿ. ಕಿರ್ ಅಂತ ಜಾರಿಕೊಂಡು ಹೋಗಬೇಕು. ಆಮೇಲೆ ಅಂಚಿನ ಹತ್ತಿರ ಎಳೆಯಿರಿ. ಅಲ್ಲಿ ಅರ ಕಚ್ಚಿ ಬೆಳ್ಳಗೆ ಪುಡಿ ಬಿಟ್ಟರೆ ಹದ ಹೋಗಿದೆ ಅಂತಲೇ. ಬಿರುಕು ಪತ್ತೆಗೆ ಡಿಪಿ (ಡೈ ಪೆನಿಟ್ರೆಂಟ್, ಬಿರುಕಿನೊಳಗೆ ಇಳಿಯುವ ಬಣ್ಣ) ಟೆಸ್ಟ್ ಸ್ಪ್ರೇ ಸಿಗುತ್ತದೆ, ಮೂರು ಡಬ್ಬಿ: ಒರೆಸುವುದು, ಕೆಂಪು, ಬಿಳಿ. ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಬಿಳಿ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ.

ಬಿಚ್ಚುವ ಮುಂಚೆ ಇದನ್ನು ಮಾತ್ರ ಮರೆಯಬೇಡಿ: ಮೇನ್ ಆರಿಸಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಲ್ಲೇ ಇರಲಿ. ಕರೆಂಟ್ ತೆಗೆದ ಮೇಲೂ ಡಿಸ್ಕ್ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತು, ಲಾಕ್ ಪಿನ್ ಕೂತ ಮೇಲೇ ಕವರ್ ತೆಗೆಯಿರಿ. ಒಬ್ಬರು ಡಿಸ್ಕ್ ತಿರುಗಿಸುವಾಗ ಇನ್ನೊಬ್ಬರ ಕೈ ಒಳಗಿರಬಾರದು.

ಕಾಡಂಚು:
ನಡುವೆ ಬಾಯಿ ಹಾಕ್ತಿದ್ದೀನಿ. ಮೊಂಡು ಸಾಣೆಯದ್ದು, ಒಪ್ಪಿದೆ. ಆದ್ರೆ ಉದ್ದ ಸಿಬಿರಿಗೆ ಗ್ಯಾಪೂ ಕಾರಣ ಇರಬಹುದು. ಸಾಣೆ ಹಿಡಿದಷ್ಟೂ ಬ್ಲೇಡ್ ಗಿಡ್ಡ ಆಗುತ್ತೆ. ಹಳೇ ಜಾಗಕ್ಕೇ ಕೂರಿಸಿದ್ರೆ ಎದುರಿಗೆ ಅಲುಗಾಡದೆ ಕೂತಿರೋ ಬೆಡ್ ನೈಫಿಗೂ ಅದಕ್ಕೂ ಅಂತರ ಜಾಸ್ತಿ ಆಗಿ, ಮರ ಕತ್ತರಿಸೋ ಬದಲು ಸೀಳಿ ಎಳ್ಕೊಂಡು ಹೋಗುತ್ತೆ. ಅಣ್ಣಾ, ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿ ನೋಡಿದ್ರಾ?

ನೀಲಗಿರಿ_ಚಿಂತಾಮಣಿ:
ಒಂದು ಬ್ಲೇಡಿಗೆ ನೋಡಿದ್ದೆ, 1 ಮಿ.ಮೀ. ಇತ್ತು. ಮಿಕ್ಕಿದ್ದೂ ಹಾಗೇ ಇರುತ್ತೆ ಅಂದ್ಕೊಂಡೆ.

ಕಾಡಂಚು:
ನಾಲ್ಕನ್ನೂ ನೋಡಬೇಕು ಅಣ್ಣಾ, ಒಂದೊಂದಕ್ಕೂ ಎರಡು ತುದಿ ಮತ್ತು ಮಧ್ಯ. ಕೈಯಲ್ಲಿ ಹಿಡಿದು ಸಾಣೆ ಹಿಡಿದಿದ್ದು ಒಂದೇ ಅಳತೆಗೆ ಬರಲ್ಲ. ನಮ್ಮ ಮಿಷನ್ನಿಗೆ 0.8 ಮಿ.ಮೀ., ನಿಮ್ಮದಕ್ಕೆ ಮ್ಯಾನುವಲಲ್ಲಿ ಇರೋದನ್ನೇ ಹಿಡೀರಿ. ಬೆಡ್ ನೈಫಿನ ಅಂಚು ಉಗುರಲ್ಲಿ ಸವರಿ ನೋಡಿ, ದುಂಡಗಾಗಿದ್ರೆ ತಿರುಗಿಸಿ ಹಾಕಿ.

ನೀಲಗಿರಿ_ಚಿಂತಾಮಣಿ: (ಐದು ದಿನದ ನಂತರ)
ಸಾರ್, ಅರ ಅಂಚಲ್ಲಿ ಕಚ್ಚಿತು, ಹಿಂದೆ ಜಾರಿತು, ನೀವು ಹೇಳಿದ ಹಾಗೇ. ಡಿಪಿಯಲ್ಲಿ ಎರಡು ಬ್ಲೇಡಿನ ಅಂಚಿಗೆ ಅಡ್ಡಡ್ಡಕ್ಕೆ ಬಾಚಣಿಗೆ ಹಲ್ಲಿನ ಥರ ಕೆಂಪು ಗೆರೆ. ನೋಡಿ ಹೊಟ್ಟೆ ಉರೀತು. ಗ್ಯಾಪ್ 1, 1.4, 2.2, 2.5 ಬಂತು. ಈ ನಾಲ್ಕನ್ನೂ ಉಳಿಸ್ಕೋಬಹುದಾ? ಇಲ್ಲಾಂದ್ರೆ ಲಾರಿಯ ಸ್ಪ್ರಿಂಗ್ ಪಟ್ಟಾದಲ್ಲಿ ಹೊಸ ಬ್ಲೇಡ್ ಮಾಡಿಕೊಡ್ತೀನಿ ಅಂತ ಇಲ್ಲೊಬ್ಬರು ಹೇಳ್ತಿದ್ದಾರೆ, ಅರ್ಧ ಬೆಲೆ.

ಸಾಣೆಕಲ್ಲು:
ಉಳಿಸಬಹುದು, ಬಿರುಕು ಎಷ್ಟು ಆಳ ಅನ್ನುವುದರ ಮೇಲಿದೆ. ಬೆಂಗಳೂರಿನ ಪೀಣ್ಯದಲ್ಲಿ ಸರ್ಫೇಸ್ ಗ್ರೈಂಡಿಂಗ್ (ಮಿಷನ್ನಲ್ಲಿ ಸಮತಟ್ಟಾಗಿ ಸಾಣೆ) ಮಾಡುವವರು ಬೇಕಾದಷ್ಟಿದ್ದಾರೆ. ನಾಲ್ಕನ್ನೂ ಒಟ್ಟಿಗೆ ಒಂದೇ ಫಿಕ್ಸ್ಚರಲ್ಲಿ (ಹಿಡಿದಿಡುವ ಚೌಕಟ್ಟು) ಕಟ್ಟಿಸಿ, ಕೂಲೆಂಟ್ (ತಣಿಸುವ ದ್ರವ) ಧಾರಾಳವಾಗಿ ಕಲ್ಲು ತಾಗುವ ಜಾಗಕ್ಕೇ ಬೀಳಬೇಕು, ಒಂದು ಸಲಕ್ಕೆ 0.01ರಿಂದ 0.02 ಮಿ.ಮೀ. ಮಾತ್ರ ತೆಗೆಯಬೇಕು. ಕೋನ ಮೂಲ ಬ್ಲೇಡಿನದ್ದೇ ಇರಲಿ, ಹೆಚ್ಚಿನವು 30ರಿಂದ 35 ಡಿಗ್ರಿ ಇರುತ್ತವೆ. ಹರಿತ ಜಾಸ್ತಿ ಬರಲಿ ಅಂತ 25ಕ್ಕೆ ಇಳಿಸಿದರೆ ನೀಲಗಿರಿಯ ಒಣ ಗಂಟು ಸಿಕ್ಕಾಗ ಅಂಚು ಮುರಿಯುತ್ತದೆ. 1.5 ಮಿ.ಮೀ. ತೆಗೆದ ಮೇಲೆ ಮತ್ತೆ ಡಿಪಿ ಮಾಡಿಸಿ. ಗೆರೆ ಇನ್ನೂ ಇದ್ದರೆ ಆ ಬ್ಲೇಡ್ ಬಿಟ್ಟುಬಿಡಿ, ಆಸೆ ಬೇಡ. ಡಿಸ್ಕ್ ಓಡುವಾಗ ತುಂಡು ಹಾರಿದರೆ ಅದು ಯಾರ ಮೇಲೆ ಹೋಗುತ್ತದೋ ಹೇಳಲಾಗದು.

ಪಟ್ಟಾ ಬೇಡ. ಲಾರಿ ಪಟ್ಟಾ ಬಾಗಿ ತಡೆದುಕೊಳ್ಳಲು ಮಾಡಿದ ಉಕ್ಕು, ಹರಿತ ಹಿಡಿದಿಡಲು ಅಲ್ಲ. ಹೊಸದು ಮಾಡಿಸುವುದಾದರೆ ಡಿ-2 ಸಾಕು. ಗಂಟು, ಕೊಂಬೆ ಜಾಸ್ತಿ ಬರುವುದಾದರೆ 8% ಕ್ರೋಮಿಯಂನ ಚಿಪ್ಪರ್ ನೈಫ್ ಉಕ್ಕು ಕೇಳಿ. ಡಿ-2ನಲ್ಲಿ ಕ್ರೋಮಿಯಂ 12%, ಇಂಗಾಲ 1.5% ಇರುವುದರಿಂದ ಸವೆತ ತಡೆಯುತ್ತದೆ, ಪೆಟ್ಟು ಅಷ್ಟು ತಡೆಯದು. ಬೋಲ್ಟಿನ ತೂತು, ಸ್ಲಾಟ್ ಎಲ್ಲ ಹೀಟ್ ಟ್ರೀಟ್‌ಮೆಂಟಿಗೆ (ಕಾಯಿಸಿ ಹದ ಕೊಡುವುದಕ್ಕೆ) ಮುಂಚೆಯೇ ಆಗಬೇಕು. ಸ್ಲಾಟಿನ ಒಳಮೂಲೆ ಚೂಪಾಗಿ ಬಿಡಬೇಡಿ, ದುಂಡಗೆ ತೆಗೆಸಿ. ಬಿರುಕು ಹುಟ್ಟುವುದೇ ಆ ಮೂಲೆಯಲ್ಲಿ.

ಕಾಡಂಚು:
ಕೂರಿಸೋವಾಗ ಸೀಟು ಕೆರೆದು ಒರೆಸಿ ಅಣ್ಣಾ. ನೀಲಗಿರಿ ಅಂಟಿನ ಜೊತೆ ಪುಡಿ ಸೇರಿ ಹಪ್ಪಳದ ಥರ ಗಟ್ಟಿಯಾಗಿ ಕೂತಿರುತ್ತೆ. ಅದರ ಮೇಲೆ ಬ್ಲೇಡ್ ಕೂತ್ರೆ ಕೆಳಗೆ ಟೊಳ್ಳು, ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ಬ್ಲೇಡ್ ಮಿಡುಕುತ್ತೆ. ಬೋಲ್ಟ್ ಹೊಸದು ಹಾಕಿ, ಬಿಗಿತ ಅಳೆಯೋ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ. ಇನ್ನೊಂದು, ದಿಮ್ಮಿ ಕೆಂಪು ಮಣ್ಣಲ್ಲಿ ಎಳೆದು ತರ್ತೀರಾ?

ನೀಲಗಿರಿ_ಚಿಂತಾಮಣಿ:
ಹೌದು, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೀತೀವಿ. ಮಳೆ ಬಂದ್ರೆ ತೊಗಟೆ ತುಂಬ ಮಣ್ಣು.

ಕಾಡಂಚು:
ಆ ಮಣ್ಣಲ್ಲಿರೋ ಮರಳು ಉಕ್ಕನ್ನೇ ತಿನ್ನುತ್ತೆ. ಕೆಳಗೆ ಎರಡು ದಪ್ಪ ದಿಮ್ಮಿ ಅಡ್ಡ ಹಾಕಿ ಅದರ ಮೇಲೆ ರಾಶಿ ಮಾಡಿ. ಮಣ್ಣು ಮೆತ್ತಿದ ಬುಡದ ತುಂಡನ್ನ ಪೈಪ್ ಹಿಡಿದು ತೊಳೆದು ಹಾಕಿ.

ನೀಲಗಿರಿ_ಚಿಂತಾಮಣಿ: (ಮೂರು ವಾರದ ನಂತರ)
ಎರಡು ಬ್ಲೇಡ್ ಉಳಿದವು, ಎರಡು ಹೋದವು. ಹೋದವುಕ್ಕೆ ಡಿ-2ನಲ್ಲೇ ಹೊಸದು ಹಾಕಿಸಿದೆ. ನಾಲ್ಕಕ್ಕೂ ಗ್ಯಾಪ್ 0.8ಕ್ಕೆ ತಂದೆ, ನಮ್ಮ ಮ್ಯಾನುವಲಲ್ಲೂ ಅದೇ ಇತ್ತು. ನೆನ್ನೆ 13 ಗಂಟೆ ಓಡಿದ ಮೇಲೆ ಬಿಚ್ಚಿದೆ, ಆಂಪ್ 76 ಇತ್ತು, ಚಕ್ಕೆ ಎಲ್ಲೂ ಇಲ್ಲ. ಆದ್ರೆ ಡಿಸ್ಕ್ ಸ್ವಲ್ಪ ನಡುಗುತ್ತೆ ಸಾರ್, ಮೊದಲು ಇರಲಿಲ್ಲ.

ಸಾಣೆಕಲ್ಲು:
ಸಂತೋಷ ಸಾರ್. ನಡುಕ ತೂಕದ್ದು. ಹಳೆಯ ಎರಡು ಸವೆದು ಹಗುರ, ಹೊಸ ಎರಡು ಭಾರ. ನಾಲ್ಕನ್ನೂ ತೂಗಿ, ಹತ್ತಿರದ ತೂಕದ ಜೋಡಿಯನ್ನು ಎದುರುಬದುರು ಹಾಕಿ, ಹಳೆಯದಕ್ಕೆ ಎದುರು ಹಳೆಯದು, ಹೊಸದಕ್ಕೆ ಎದುರು ಹೊಸದು. ಡಿಸ್ಕಿನ ಜಾಗಕ್ಕೂ ಬ್ಲೇಡಿಗೂ ಪೇಂಟಲ್ಲಿ 1, 2, 3, 4 ಬರೆದಿಡಿ. ಮುಂದಿನ ಸಾಣೆಗೆ ಹೋಗಿ ಬಂದ ಮೇಲೂ ಅದೇ ಜಾಗಕ್ಕೆ ಕೂರಲಿ.