ಹೆರಾಲ್ಡ್ ಕಾರಿನ ಬಾಗಿಲ ಸಂದು: ನಮ್ಮ ಮನೆತನದ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಬಣ್ಣ ಮುಗಿಸಿಕೊಂಡು ನಿನ್ನೆ ಸಂಜೆ ಸರಸ್ವತಿಪುರಂನ ಮನೆಗೆ ಬಂದಿದೆ. ಎಲ್ಲರೂ ನೋಡಲೆಂದು ಫೋಟೋಗಳನ್ನು ಹಾಕಿದ್ದೇನೆ. ಬಲಗಡೆಯ ಬಾಗಿಲಿನ ಹಿಂದಿನ ಸಂದು ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಇದೆ. ಮೇಲಿನ ಅಂಚಿಗೆ ಪುಟ್ಟಿ ಕೊಟ್ಟು, ಕೆಳಗಿನ ಅಂಚನ್ನು ಸ್ವಲ್ಪ ಉಜ್ಜಿ, ಮತ್ತೊಂದು ಕೋಟ್ ಬಣ್ಣ ಹೊಡೆದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಕಾರು ನಾಲ್ಕೂ ಮನೆಗೆ ಸೇರಿದ್ದರಿಂದ ನಿಮ್ಮೆಲ್ಲರ ಒಪ್ಪಿಗೆ ಬೇಕು. ಆಯುಧಪೂಜೆಗೆ ಕಾರು ಸಿದ್ಧವಿರಬೇಕು ಎಂಬುದನ್ನು ಮರೆಯಬೇಡಿ.

ಅತ್ತೆ: ಬಣ್ಣ ಬಹಳ ಚೆನ್ನಾಗಿ ಬಂದಿದೆ. ಸಂದಿನ ವಿಷಯ ನನಗೆ ತಿಳಿಯದು, ಬಲ್ಲವರು ಹೇಳಲಿ.

ನಾನು: ಚಿಕ್ಕಪ್ಪ, ದಯವಿಟ್ಟು ಪುಟ್ಟಿಗೆ ಒಪ್ಪಬೇಡಿ. ನೀವು ಕಳುಹಿಸಿದ ಮೂರನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಾಗಿಲಿನ ಹಿಂದಿನ ಕೆಳಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಹೊಸ ಬಣ್ಣ ಎದ್ದು ಬೂದು ಬಣ್ಣದ ಪ್ರೈಮರ್ ಕಾಣುತ್ತಿದೆ, ಅಂದರೆ ಬಾಗಿಲು ಮುಚ್ಚಿದಾಗಲೆಲ್ಲ ಅಲ್ಲಿ ತಗಡಿಗೆ ತಗಡು ತಾಗುತ್ತಿದೆ. ಕೀಲು ಸವೆದು ಬಾಗಿಲು ಜೋತುಬಿದ್ದಿದ್ದರೆ ಹಿಂದಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಬೇಕಿತ್ತು. ಇಲ್ಲಿ ಅದಕ್ಕೆ ತದ್ವಿರುದ್ಧವಾಗಿದೆ. ಆದ್ದರಿಂದ ದೋಷ ಬಾಗಿಲಿನದಲ್ಲ, ಬಾಗಿಲಿನ ಹಿಂದಿರುವ ಕಂಬವೇ ಹಿಂದಕ್ಕೆ ವಾಲಿದೆ. ಬಾನೆಟ್ಟಿಗೂ ಬಾಗಿಲಿಗೂ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಸಮನಾಗಿದ್ದರೂ ಎಡಗಡೆಗಿಂತ ಅಗಲವಾಗಿದೆ. ಹಿಂದಿನ ಸಂದನ್ನು ಮುಚ್ಚುವುದಕ್ಕಾಗಿ ಯಾರೋ ಕೀಲಿನ ಬೋಲ್ಟುಗಳನ್ನು ಸಡಿಲಿಸಿ ಇಡೀ ಬಾಗಿಲನ್ನೇ ಹಿಂದಕ್ಕೆ ಸರಿಸಿರಬೇಕು, ಕೆಳಗೆ ತಾಗುತ್ತಿರುವುದು ಅದರಿಂದಲೇ. ಮನೆಯ ಬಾಗಿಲ ಚೌಕಟ್ಟು ವಾಲಿದಾಗ ಬಡಗಿ ಬಾಗಿಲನ್ನು ಕೆತ್ತುವ ಮೊದಲು ಚೌಕಟ್ಟಿಗೆ ತೂಕದ ದಾರ ಬಿಟ್ಟು ನೋಡುತ್ತಾನಲ್ಲವೇ, ಇಲ್ಲಿಯೂ ಅದೇ ಆಗಬೇಕು.

ಭಾವ: ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ? ಆ ಕಾಲದ ಕಾರುಗಳು ಕಾರ್ಖಾನೆಯಿಂದ ಹೊರಬರುವಾಗಲೇ ಹಾಗಿದ್ದವು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋದಾಗ ನಾನು ಇದನ್ನೇ ಗಮನಿಸುತ್ತಿದ್ದೆ. ಹಳೆಯ ಕಾರಿನಲ್ಲಿ ಇಂದಿನ ಕಾರಿನಂತಹ ಸಂದನ್ನು ಯಾರೂ ನಿರೀಕ್ಷಿಸುವುದಿಲ್ಲ. ಪುಟ್ಟಿಯೂ ಬೇಡ, ರಿಪೇರಿಯೂ ಬೇಡ, ಇದ್ದ ಹಾಗೆಯೇ ಬಿಡೋಣ.

ನಾನು: ಭಾವ, ನಿಮ್ಮ ಮಾತಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಈಗಿನ ಕಾರುಗಳಂತೆ 3-4 ಮಿಲಿಮೀಟರ್ ಸಂದನ್ನು ಹೆರಾಲ್ಡಿನಲ್ಲಿ ಹುಡುಕುವುದು ಸಲ್ಲದು. 6 ಮಿಲಿಮೀಟರ್ ಇದ್ದರೂ ನನ್ನ ತಕರಾರಿಲ್ಲ, ಆದರೆ ಮೇಲಿನಿಂದ ಕೆಳಗಿನವರೆಗೆ ಅದು ಒಂದೇ ಹದದಲ್ಲಿರಬೇಕು, ಬಾಗಿಲು ಎಲ್ಲಿಯೂ ತಾಗಬಾರದು. ತಾಗಿ ಬಣ್ಣ ಎದ್ದ ಜಾಗದಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಕೂರುತ್ತದೆ. ಹಾಗಾಗಿ ಇದ್ದ ಹಾಗೆ ಬಿಡುವುದೂ ನನಗೆ ಸರಿ ಕಾಣುವುದಿಲ್ಲ.

ಇನ್ನು ಈ ಕಾರಿನ ರಚನೆಯ ವಿಷಯ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡೇ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡಾಗಿ ತಯಾರಾಯಿತು. ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಸಂಸ್ಥೆ 1953ರಲ್ಲಿ ಪ್ರತಿಸ್ಪರ್ಧಿ ಕಾರು ಕಂಪನಿಯಾದ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕೈಸೇರಿದ್ದರಿಂದ, ಇಡೀ ಬಾಡಿಯನ್ನು ಒಂದೇ ತುಂಡಾಗಿ ಮಾಡಿಸುವ ದಾರಿ ಮುಚ್ಚಿಹೋಯಿತು. ಆಗ ಬೇರೆ ಬೇರೆ ಕಡೆ ಮಾಡಿಸಿದ ಭಾಗಗಳನ್ನು ಬೋಲ್ಟುಗಳಿಂದ ಜೋಡಿಸಿ, ಪ್ರತ್ಯೇಕವಾದ ಚಾಸಿಸ್, ಅಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸುವ ವಿಧಾನಕ್ಕೆ ಅವರು ಮರಳಿದರು. ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿ ರೂಪಿಸಿದ ಆ ಅಂದವಾದ ಮೈ ನಿಂತಿರುವುದು ಹೀಗೆ. ಮುಂದಿನ ಕಂಬಗಳು ಒಂದು ಭಾಗದಲ್ಲಿವೆ, ಹಿಂದಿನ ಕಂಬಗಳು ಇನ್ನೊಂದರಲ್ಲಿವೆ, ಮೇಲ್ಛಾವಣಿಯೂ ಬೇರೆಯೇ ಒಂದು ತುಂಡು. ಆದ್ದರಿಂದ ಈ ಕಾರಿನಲ್ಲಿ ಬಾಗಿಲ ಸಂದು ಹುಟ್ಟುವುದು ಬಾಗಿಲಿನ ಅಂಚಿನಲ್ಲಲ್ಲ, ಚಾಸಿಸ್ ಮೇಲೆ ಬಾಡಿ ಕೂರುವ ಜಾಗಗಳಲ್ಲಿ ಹಾಕುವ ಪ್ಯಾಕಿಂಗಿನ (ಎತ್ತರ ಹೊಂದಿಸಲು ಬೋಲ್ಟಿನ ಕೆಳಗೆ ಇಡುವ ವಾಷರ್‌ನಂತಹ ಬಿಲ್ಲೆಗಳ) ದಪ್ಪದಲ್ಲಿ. ಬಣ್ಣಕ್ಕೆಂದು ಬಾಡಿಯನ್ನು ಇಳಿಸಿ ಮತ್ತೆ ಕೂರಿಸಿದಾಗ ಯಾವ ಬೋಲ್ಟಿನ ಕೆಳಗೆ ಎಷ್ಟು ಪ್ಯಾಕಿಂಗ್ ಇತ್ತು ಎಂಬ ಗುರುತು ಉಳಿದಿರಲಿಕ್ಕಿಲ್ಲ ಎಂಬುದು ನನ್ನ ಬಲವಾದ ಅನುಮಾನ.

ಚಿಕ್ಕಪ್ಪ: ಸರಿ, ಕಾರಣ ಏನೇ ಇರಲಿ. ಪುಟ್ಟಿ ಹಾಕಿದರೆ ಒಂದೇ ವಾರದ ಕೆಲಸ. ನೀನು ಹೇಳುವ ದಾರಿಯಲ್ಲಿ ಎಲ್ಲ ಬಿಚ್ಚಿ ಹೊಸ ಬಣ್ಣವನ್ನು ಕೆಡಿಸಿಕೊಳ್ಳುವುದಾಗುತ್ತದೆ. ಆ ಖರ್ಚನ್ನು ಯಾರು ಕೊಡುತ್ತಾರೆ?

ನಾನು: ಪುಟ್ಟಿ ತಗಡಿನ ಬಯಲಿನಲ್ಲಿ ತೆಳುವಾಗಿ ಇದ್ದರೆ ವರ್ಷಾನುಗಟ್ಟಲೆ ನಿಲ್ಲುತ್ತದೆ, ಆದರೆ ಬಾಗಿಲಿನ ಅಂಚಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹಾಕಿದ್ದು ಬಾಗಿಲು ಮುಚ್ಚುವ ಪ್ರತಿ ಬಡಿತಕ್ಕೂ ಅದುರಿ, ಮೊದಲು ಕೂದಲೆಳೆಯಷ್ಟು ಬಿರುಕು ಬಿಟ್ಟು, ಆ ಬಿರುಕಿನಿಂದ ನೀರು ಕುಡಿದು, ಕೊನೆಗೆ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಕೆಳಗಿನ ಅಂಚನ್ನು ಉಜ್ಜುವುದು ಇನ್ನೂ ಕೆಟ್ಟದ್ದು. ಬಾಗಿಲಿನ ಹೊರತಗಡು ಅಲ್ಲಿ ಒಳಚೌಕಟ್ಟಿನ ಮೇಲೆ ಮಡಿಚಿಕೊಂಡಿರುತ್ತದೆ. ಆ ಮಡಿಕೆ ತೆಳುವಾದರೆ ಬಾಗಿಲೇ ಹೋಯಿತು, ಈ ಕಾರಿಗೆ ಹೊಸ ಬಾಗಿಲು ಅಂಗಡಿಯಲ್ಲಿ ಸಿಗುವುದಿಲ್ಲ. ಜೋಡಣೆಯೆಲ್ಲ ಸರಿಯಾದ ಮೇಲೂ ಒಂದೆರಡು ಮಿಲಿಮೀಟರ್ ಉಳಿದರೆ, ಒಳ್ಳೆಯ ಟಿಂಕರ್ ಅಂಚಿನ ಮೇಲೆ ವೆಲ್ಡಿಂಗ್ ಮಾಡಿ ಅರದಿಂದ ತಿದ್ದಬಲ್ಲ, ಅದು ನ್ಯಾಯವಾದ ಕೆಲಸ.

ದೊಡ್ಡಪ್ಪ: ನಾನು ಇಷ್ಟು ಹೊತ್ತು ಓದುತ್ತಿದ್ದೆ. ಅಪ್ಪನ ಕಾಲದಲ್ಲಿ ಆ ಬಾಗಿಲು ಎರಡು ಬೆರಳಿನಲ್ಲಿ ತಳ್ಳಿದರೆ ಮುಚ್ಚಿಕೊಳ್ಳುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಆದರೆ ನಿನಗೊಂದು ಪ್ರಶ್ನೆ. ಚಾಸಿಸ್‌ನಿಂದ ಪಕ್ಕಕ್ಕೆ ಚಾಚಿಕೊಂಡಿರುವ ತೋಳುಗಳ ಮೇಲೆ ತಾನೇ ಬಾಡಿ ಕೂತಿರುವುದು? ಆ ತೋಳುಗಳೇ ತುಕ್ಕು ಹಿಡಿದು ಬಗ್ಗಿದ್ದರೆ ನೀನು ಎಷ್ಟು ಪ್ಯಾಕಿಂಗ್ ಕೊಟ್ಟು ಏನು ಪ್ರಯೋಜನ? ಗ್ಯಾರೇಜಿನಲ್ಲಿ ಅವುಗಳನ್ನು ಬದಲಿಸಿದರೋ ಅಥವಾ ಕಪ್ಪು ಬಣ್ಣ ಬಳಿದು ಬಿಟ್ಟರೋ?

ಚಿಕ್ಕಪ್ಪ: ಬದಲಿಸಿದ ಬಿಲ್ಲು ಇಲ್ಲ, ಅಣ್ಣ. ಬಣ್ಣ ಬಳಿದಿದ್ದಾರೆ.

ನಾನು: ದೊಡ್ಡಪ್ಪ ಕೇಳಿದ್ದೇ ಮೊದಲ ಪ್ರಶ್ನೆಯಾಗಬೇಕು. ಕಾರಿನ ಕೆಳಗೆ ಹೋಗಿ ಹಿಂದಿನ ತೋಳುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಗಣಗಣ ಎನ್ನುತ್ತದೆ, ಸತ್ತ ತಗಡು ಮಂಕಾಗಿ ಸದ್ದು ಮಾಡಿ ತಗ್ಗಾಗುತ್ತದೆ. ಸತ್ತಿದ್ದರೆ ಮೊದಲು ವೆಲ್ಡಿಂಗ್ ಆಗಬೇಕು, ಉಳಿದದ್ದೆಲ್ಲ ಆಮೇಲೆ.

ತೋಳುಗಳು ಗಟ್ಟಿಯಾಗಿದ್ದರೆ ಕೆಲಸ ನೀವು ಹೆದರುವಷ್ಟು ದೊಡ್ಡದಲ್ಲ, ಚಿಕ್ಕಪ್ಪ. ಕಾರು ಸಮತಟ್ಟಾದ ನೆಲದ ಮೇಲೆ, ಗಾಳಿ ಸರಿಯಾಗಿರುವ ತನ್ನದೇ ನಾಲ್ಕು ಚಕ್ರಗಳ ಮೇಲೆ ನಿಂತಿರಬೇಕು. ಜಾಕ್ ಕೊಟ್ಟು ಎತ್ತಿದಾಗ ಅಳೆದ ಸಂದು ಕೆಳಗಿಳಿಸಿದ ಮೇಲೆ ಉಳಿಯುವುದಿಲ್ಲ. ಬಾಗಿಲಿಗೆ ಗಾಜು ಇರಲೇಬೇಕು, ಏಕೆಂದರೆ ಗಾಜಿನ ತೂಕವಿಲ್ಲದ ಬಾಗಿಲು ಮೇಲೆದ್ದು ನಿಂತು ನಮಗೆ ಸುಳ್ಳು ಹೇಳುತ್ತದೆ. ಹೊಸ ರಬ್ಬರ್ ಬೀಡಿಂಗನ್ನು ಮಾತ್ರ ಸದ್ಯಕ್ಕೆ ತೆಗೆದಿಡೋಣ. ಅದು ಹಳೆಯದಕ್ಕಿಂತ ಬಿರುಸಾಗಿರುವುದರಿಂದ ಬಾಗಿಲನ್ನು ಹೊರಕ್ಕೆ ದೂಡುತ್ತದೆ. ಲಾಕ್ ಕೂರುವ ಸ್ಟ್ರೈಕರನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಅದು ಬಾಗಿಲನ್ನು ಎತ್ತಿ ಹಿಡಿದು ನಿಜಸ್ಥಿತಿಯನ್ನು ಮುಚ್ಚಿಡುತ್ತದೆ. ಅಂಚುಗಳಿಗೆಲ್ಲ ಎರಡು ಪದರ ಟೇಪು ಸುತ್ತಿದರೆ ಬಣ್ಣಕ್ಕೆ ಪೆಟ್ಟಾಗುವುದಿಲ್ಲ. ಅಳತೆಗೆ ಬೇರೆ ಬೇರೆ ಗಾತ್ರದ ಡ್ರಿಲ್ ಬಿಟ್‌ಗಳೇ ಸಾಕು. ಯಾವ ಬಿಟ್ ಎಲ್ಲಿ ಬಿಗಿಯಾಗಿ ಕೂರುತ್ತದೆ ಎಂದು ಟೇಪಿನ ಮೇಲೆಯೇ ಬರೆಯೋಣ.

ಇಷ್ಟಾದ ಮೇಲೆ ಮೇಲ್ಛಾವಣಿಯ ಬೋಲ್ಟುಗಳನ್ನು ಸಡಿಲಿಸಬೇಕು. ಇದನ್ನು ಮರೆತರೆ ಛಾವಣಿಯು ಹಿಂದಿನ ಭಾಗವನ್ನು ಮೇಲಿನಿಂದ ಹಿಡಿದುಕೊಂಡಿರುತ್ತದೆ, ಕೆಳಗೆ ಏನು ಮಾಡಿದರೂ ಕಂಬ ಕದಲುವುದಿಲ್ಲ. ಆಮೇಲೆ ಹಿಂದಿನ ತುದಿಯ ಬೋಲ್ಟುಗಳ ಕೆಳಗೆ ಪ್ಯಾಕಿಂಗ್ ಸೇರಿಸಬೇಕು. ಲೆಕ್ಕ ಸರಳವಾಗಿದೆ: ಬಾಡಿಯ ಹಿಂದಿನ ಭಾಗವು ಓಲುವ ಜಾಗದಿಂದ ಒಂದು ಮೀಟರ್ ಹಿಂದಿರುವ ಬೋಲ್ಟಿನ ಕೆಳಗೆ 3 ಮಿಲಿಮೀಟರ್ ವಾಷರ್ ಇಟ್ಟರೆ, ಅರ್ಧ ಮೀಟರ್ ಎತ್ತರದಲ್ಲಿ ಕಂಬ ಸುಮಾರು 1.5 ಮಿಲಿಮೀಟರ್ ಮುಂದಕ್ಕೆ ಬರುತ್ತದೆ. ಒಂದೊಂದೇ ವಾಷರ್ ಹಾಕುತ್ತಾ, ಪ್ರತಿ ಸಲವೂ ಬೋಲ್ಟ್ ಬಿಗಿದು ಅಳೆಯಬೇಕು. ಎಡಗಡೆಯ ಸಂದು ಈಗ ಸರಿಯಾಗಿರುವುದರಿಂದ ಅದನ್ನೂ ಜೊತೆಜೊತೆಗೆ ನೋಡುತ್ತಿರಬೇಕು. ಹಿಂದಿನ ಕಂಬ ನೆಟ್ಟಗಾದ ಮೇಲೆ ಬಾಗಿಲನ್ನು ಕೀಲಿನ ಬಳಿ ಮುಂದಕ್ಕೆ ತಂದರೆ ಕೆಳಗೆ ತಾಗುವುದೂ ನಿಲ್ಲುತ್ತದೆ. ಬಾನೆಟ್ ಕೊನೆಯ ಕೆಲಸ. ಅದರ ಮುಂದಿನ ಕೀಲುಗಳಲ್ಲಿ ಸರಿಸಲು ಸಾಕಷ್ಟು ಜಾಗವಿರುವುದರಿಂದ ಬಾಗಿಲಿಗೆ ಹೊಂದುವಂತೆ ಅದನ್ನು ಕೂರಿಸಿಕೊಳ್ಳಬಹುದು.

ಭಾವ: ತಾಗುವುದರಿಂದ ತುಕ್ಕು ಬರುತ್ತದೆ ಎಂಬ ಮಾತು ನನಗೆ ಒಪ್ಪಿಗೆಯಾಯಿತು. ಆದರೆ ಆ ಗ್ಯಾರೇಜಿಗೇ ಮತ್ತೆ ಕೊಡುವುದಾದರೆ ನನ್ನ ಸಮ್ಮತಿಯಿಲ್ಲ.

ದೊಡ್ಡಪ್ಪ: ಅಲ್ಲಿಗೆ ಬೇಡ. ಮಂಡ್ಯದ ನಮ್ಮ ಶೆಡ್ಡಿನ ಕಾಂಕ್ರೀಟ್ ನೆಲ ಸಮತಟ್ಟಾಗಿದೆ, ಕಾರನ್ನು ಇಲ್ಲಿಗೇ ತನ್ನಿ. ತೋಳುಗಳನ್ನು ತಟ್ಟಿ ನೋಡುವವರೆಗೆ ಯಾರೂ ಯಾರಿಗೂ ಮುಂಗಡ ಕೊಡಬೇಡಿ.

ಚಿಕ್ಕಪ್ಪ: ಭಾನುವಾರ ಬೆಳಿಗ್ಗೆ ತರುತ್ತೇನೆ, ಅಣ್ಣ. ತೋಳುಗಳು ಕೆಟ್ಟಿದ್ದರೆ ವೆಲ್ಡಿಂಗ್ ಖರ್ಚನ್ನು ನಾಲ್ಕು ಮನೆಯವರೂ ಹಂಚಿಕೊಳ್ಳಬೇಕು. ಬಿಚ್ಚುವಾಗ ಬಣ್ಣ ಕಿತ್ತುಬಂದರೆ ಮಾತ್ರ ಅದಕ್ಕೆ ನಾನು ಹೊಣೆಯಲ್ಲ, ಇದನ್ನು ಈಗಲೇ ಹೇಳಿಬಿಟ್ಟಿದ್ದೇನೆ.

ನಾನು: ಒಪ್ಪಿದೆ, ಚಿಕ್ಕಪ್ಪ. ಅಂಚುಗಳ ಟಚಪ್ ಖರ್ಚು ನನಗೇ ಇರಲಿ. ಬರುವಾಗ ಗ್ಯಾರೇಜಿನವರು ವಾಪಸು ಕೊಟ್ಟ ಹಳೆಯ ಬೋಲ್ಟು, ವಾಷರ್‌ಗಳ ಡಬ್ಬಿಯನ್ನು ಮರೆಯದೆ ತನ್ನಿ. ಹಳೆಯ ಪ್ಯಾಕಿಂಗ್ ಒಂದೆರಡು ಅದರಲ್ಲಿ ಸಿಕ್ಕರೂ ಅವುಗಳ ದಪ್ಪದಿಂದಲೇ ಲೆಕ್ಕ ಶುರುಮಾಡಬಹುದು.