ಪೆನಾಂಗ್‌ನಲ್ಲಿ ಒಂದು ದಿನ ಖಾಲಿ ಇದೆ, ಅವ್ವನ ಜೊತೆ ಎಲ್ಲಿ ತಿರುಗಲಿ, ಏನು ತಿನ್ನಿಸಲಿ?

ಗಡಿಯಾರ ಕಂಬ (ದಾವಣಗೆರೆ):
ಮುಂದಿನ ತಿಂಗಳು ಅವ್ವನ ಕರ್ಕೊಂಡು ಮಲೇಷ್ಯಾಕ್ಕೆ ಹೊರಟಿದ್ದೇನೆ. ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ಒಂದು ಪೂರ್ತಿ ದಿನ ಸಿಕ್ಕಿದೆ. ಟೂರ್‌ನವರು ಕೊಟ್ಟ ಪಟ್ಟಿಯಲ್ಲಿ ಆ ಒಂದೇ ದಿನಕ್ಕೆ ಏಳು ಜಾಗ ಇವೆ, ನಮ್ಮ ಕೈಲಾಗದ ಮಾತು. ಅವ್ವನಿಗೆ ಮಂಡಿ ನೋವು, ಮೊಟ್ಟೆನೂ ಮುಟ್ಟಲ್ಲ, ಒಂಬತ್ತರೊಳಗೆ ತಿಂಡಿ ಆಗದಿದ್ದರೆ ತಲೆನೋವು ಶುರು. ತಿಂದು, ಸುಮ್ನೆ ಓಡಾಡಿ, ಅಲ್ಲಲ್ಲಿ ಕೂತು ಬರೋ ಹಾಗಿರಬೇಕು. ಹೋಗಿ ಬಂದವರು ಹೇಳಿ.

ಒನಕೆ (ಚಿತ್ರದುರ್ಗ):
ಬೆಳಿಗ್ಗೆ ಸೀದಾ ಲಿಟಲ್ ಇಂಡಿಯಾಕ್ಕೆ ಹೋಗಿ. ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಮಹಾಮಾರಿಯಮ್ಮನ ಗುಡಿ ಇದೆ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೆ ಅದೇ ಮೊದಲು. ಸುತ್ತಮುತ್ತ ತಮಿಳರ ಹೋಟೆಲುಗಳಿವೆ, ಇಡ್ಲಿ ದೋಸೆಗೆ ಚಿಂತೆ ಇಲ್ಲ. ಬೆಣ್ಣೆ ದೋಸೆ ಕೇಳಬೇಡಿ ಮತ್ತೆ. ಊರೊಳಗೆ ಕ್ಯಾಟ್ ಅಂತ ಬರೆದ ಬಸ್ಸು ಸುತ್ತುತ್ತೆ, ಟಿಕೆಟ್ ಇಲ್ಲ. ನಮ್ಮ ಶಕ್ತಿ ಯೋಜನೆ ತರಾನೇ, ಆದರೆ ಅಲ್ಲಿ ಗಂಡಸರಿಗೂ ಫ್ರೀ.

ಮಂಡಕ್ಕಿ ಮಿರ್ಚಿ:
ಊಟದ ವಿಷಯದಲ್ಲಿ ಒಂದು ಮಾತು, ನಾನು ಪೆಟ್ಟು ತಿಂದು ಕಲಿತದ್ದು. ಅಲ್ಲಿ ವೆಜ್ ಅಂದರೆ ಕೆಲವರಿಗೆ ಮಾಂಸದ ತುಂಡು ಕಾಣದಿದ್ದರೆ ಸಾಕು. ಸಂಬಾಲ್ ಅನ್ನೋ ಕೆಂಪು ಚಟ್ನಿಗೆ ಬೆಲಾಚಾನ್ ಹಾಕುತ್ತಾರೆ, ಅದು ಸಿಗಡಿ ಅರೆದು ಹುದುಗಿಸಿದ್ದು. ಅಸಾಮ್ ಲಕ್ಸಾ ಅನ್ನೋ ಹುಳಿ ನೂಡಲ್ಸ್ ಸಾರಿನಲ್ಲಿ ಮೀನೇ ಮುಖ್ಯ. ರೋಟಿ ಚಾನಾಯ್ (ನಮ್ಮ ಪರೋಟ ತರದ್ದು) ಜೊತೆಗೆ ಬೇಳೆ ಸಾರು ಅಂತ ಕೇಳಿದರೂ ಮೀನಿನ ಸಾರು ಬೆರೆಸಿಯೇ ಸುರಿದ ಅಂಗಡಿ ನೋಡಿದ್ದೇನೆ, ಅರ್ಧ ತಿಂದ ಮೇಲೆ ವಾಸನೆ ಗೊತ್ತಾಯ್ತು. ಬೌದ್ಧರು ನಡೆಸುವ ಶುದ್ಧ ಸಸ್ಯಾಹಾರಿ ಹೋಟೆಲುಗಳೂ ಇವೆ, ಅಲ್ಲಿ ಪರವಾಗಿಲ್ಲ. ಚೆಂಡೋಲ್ ಮಾತ್ರ ಬಿಡಬೇಡಿ: ತುರಿದ ಐಸು, ತೆಂಗಿನ ಹಾಲು, ತಾಳೆ ಬೆಲ್ಲ, ಹಸಿರು ಶಾವಿಗೆ ತರದ ಎಳೆಗಳು. ಟೀ ಕುಡಿಯೋರಾದರೆ 'ಕುರಾಂಗ್ ಮಾನಿಸ್' ಅನ್ನಿ, ಸಕ್ಕರೆ ಕಮ್ಮಿ ಅಂತ. ಇಲ್ಲದಿದ್ದರೆ ಕಂಡೆನ್ಸ್ಡ್ ಹಾಲಿನ ಪಾಯಸ ಕುಡಿದಂಗೆ.

ಒನಕೆ (ಚಿತ್ರದುರ್ಗ):
ಹೌದಲ್ವಾ, ನಾನು ಮಾಂಸ ತಿನ್ನೋನು, ಇದೆಲ್ಲ ಗಮನಿಸಿರಲಿಲ್ಲ. ಸಂಜೆಗೆ ಚ್ಯೂ ಜೆಟ್ಟಿ ಇಟ್ಟುಕೊಳ್ಳಿ. ಸಮುದ್ರದ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆಗಳು, ಹಲಗೆಯ ದಾರಿ, ಮೆಟ್ಟಿಲು ಹತ್ತೋದಿಲ್ಲ. ಆದರೆ ಜನ ಇನ್ನೂ ವಾಸ ಇದ್ದಾರೆ, ಒಳಗೆ ಇಣುಕಿ ಫೋಟೊ ಹೊಡೀಬೇಡಿ.

ಗಡಿಯಾರ ಕಂಬ (ದಾವಣಗೆರೆ):
ಹೋಗಿ ಬಂದೆವು. ಗುಡಿ, ಇಡ್ಲಿ, ಆಮೇಲೆ ಆರ್ಮೇನಿಯನ್ ಸ್ಟ್ರೀಟ್‌ನ ಗೋಡೆ ಮೇಲಿನ ಸೈಕಲ್ ಮಕ್ಕಳ ಚಿತ್ರ. ಅಲ್ಲಿ ಫೋಟೊಗೆ ಕ್ಯೂ ಇತ್ತು, ಅವ್ವ ಪಕ್ಕದ ಕಟ್ಟೆ ಮೇಲೆ ಕೂತೇಬಿಟ್ಟಳು. ಮಧ್ಯಾಹ್ನ ಮಳೆ, ಎರಡು ತಾಸು ರೂಮಿನಲ್ಲಿ ನಿದ್ದೆ. ಚೆಂಡೋಲ್ ನೋಡಿ 'ಹಸಿರು ಹುಳ ಇದ್ದಂಗೆ ಇದೆ' ಅಂದವಳು ಬಟ್ಟಲು ಎತ್ತಿ ತಳದ ಬೆಲ್ಲದ ನೀರನ್ನೂ ಕುಡಿದಳು.

ನೀವು ಯಾರೂ ಹೇಳದೇ ಇದ್ದದ್ದು ಒಂದು ಸಿಕ್ತು. ಒಬ್ಬ ಅಜ್ಜ ಸೈಕಲ್ ಮೇಲೆ ಡಬ್ಬ ಇಟ್ಟುಕೊಂಡು 'ಪುಟು ಮಾಯಮ್' ಮಾರುತ್ತಿದ್ದ. ಮುಚ್ಚಳ ತೆಗೆದರೆ ನಮ್ಮ ಒತ್ತು ಶಾವಿಗೆ! ಮೇಲೆ ಕಾಯಿತುರಿ, ಕಂದು ಸಕ್ಕರೆ. ಅವ್ವ ಕನ್ನಡದಲ್ಲೇ 'ಎಷ್ಟು ಹೊತ್ತು ಬೇಯಿಸ್ತೀಯಪ್ಪ' ಅಂದಳು, ಅಜ್ಜ ತಮಿಳಿನಲ್ಲಿ ಏನೋ ಹೇಳಿದ, ಹತ್ತು ನಿಮಿಷ ಇಬ್ಬರದೂ ಮಾತು ನಡೀತು. ಜೆಟ್ಟಿಗೆ ಹೋಗುವಷ್ಟರಲ್ಲಿ ಕತ್ತಲಾಗಿತ್ತು.

ಊರಿಗೆ ಬಂದಾಗಿನಿಂದ ಶಾವಿಗೆ ಒರಳು ಹುಡುಕುತ್ತಿದ್ದಾಳೆ. ಅಟ್ಟದ ಮೇಲಿದೆಯಂತೆ, ಹತ್ತಬೇಕಾದವನು ನಾನು.